ತೂಕದಣ್ಣ ಕಾರಿನ ಭಾರ ಇಳಿಸಿದ್ದು

ಹಿಂದಿನ ಸೀಟಿಗೆ ನಾಲ್ಕು ಬೋಲ್ಟು. ಮೂರು ಹೇಗೋ ಬಿಚ್ಚಿ ಬಂದವು. ನಾಲ್ಕನೆಯದು ಮಾತ್ರ ಹತ್ತೊಂಬತ್ತು ವರ್ಷದ ತುಕ್ಕನ್ನು ಕತ್ತಿನವರೆಗೆ ಹೊದ್ದುಕೊಂಡು, ಏನು ಮಾಡ್ತೀಯೋ ಮಾಡು ಎಂದು ಕೂತುಬಿಟ್ಟಿತು. ತೂಕದಣ್ಣ ಎಣ್ಣೆ ಬಿಟ್ಟ, ಕಾದ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ, ಆಮೇಲೆ ಮೆಲ್ಲಗೆ ಎನ್ನುವುದನ್ನು ಬಿಟ್ಟು ಬಡಿದ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಸುಲಿಯಿತು. ಭಾನುವಾರದ ಬೆಳಿಗ್ಗೆ ಅರ್ಧ ಬೀದಿಗೆ ಕೇಳಿಸುವಂತೆ ಅವನು ಆ ಬೋಲ್ಟಿನ ವಂಶವನ್ನೆಲ್ಲ ಎತ್ತಿ ಆಡಿದ.

ಕಿಟಕಿಯ ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೆಂಡತಿ ಪರದೆ ಸರಿಸಿ ತಲೆ ಹೊರಹಾಕಿದಳು.

"ಆ ಸೀಟು ನಿಮಗೇನು ಮಾಡಿತ್ತು ರೀ?"

"ಹದಿನೇಳು ಕಿಲೋ ಇದೆ ಅದು!"

"ಇನ್ನೂ ಬಿಚ್ಚೇ ಇಲ್ಲ. ಆಗಲೇ ಹೇಗೆ ಗೊತ್ತು?"

"ನೋಡಿದ್ರೆ ಗೊತ್ತಾಗಲ್ವೇನೇ?"

ಅವನಿಗೆ ಗೊತ್ತಾಗುತ್ತಿತ್ತು. ಕಲ್ಲಂಗಡಿ ಇರಲಿ, ಮದುವೆ ಹೆಣ್ಣಿರಲಿ, ಕಣ್ಣು ಬಿದ್ದ ಕೂಡಲೇ ಕಿಲೋ ಎಷ್ಟು ಎಂದು ಹೊಳೆಯುವುದು ಅವನ ಹಣೆಬರಹ. ಮಧ್ಯಾಹ್ನ ಒಂದೂವರೆಗೆ ಬೋಲ್ಟು ಮುರಿದು ಸೀಟು ಹೊರಬಂತು. ಮುಂಬಾಗಿಲ ಹಿಂದೆ ಇಟ್ಟುಕೊಂಡಿದ್ದ ತೂಕದ ಯಂತ್ರದ ಮೇಲೆ ಇಟ್ಟರೆ ಹದಿನಾರು ಕಿಲೋ ಎಂಟುನೂರ ಐವತ್ತು. ನೂರೈವತ್ತು ಗ್ರಾಂ ತಪ್ಪಿದ್ದಕ್ಕೆ ಅವನಿಗೆ ಬೇಜಾರಾಯಿತು. ನೋಟುಬುಕ್ಕಿನಲ್ಲಿ ಬರೆದುಕೊಂಡ.

ಅಂಗಡಿಗಳ ತೂಕದ ಯಂತ್ರಗಳನ್ನು ಪರೀಕ್ಷೆ ಮಾಡಿ, ಸರಿಯಿಲ್ಲದ್ದನ್ನು ರಿಪೇರಿ ಮಾಡಿ, ಸರಿಯಿದೆ ಎಂದು ಸೀಲು ಹಾಕುವ ಕಂಪನಿಯೊಂದರಲ್ಲಿ ಅವನಿಗೆ ಇಪ್ಪತ್ತೆಂಟು ವರ್ಷದ ಕೆಲಸ. ಸೇರಿದಾಗ ಇಪ್ಪತ್ತಾರು ವಯಸ್ಸು, ಈಗ ಐವತ್ನಾಲ್ಕು. ಐದು ಪೇಟೆಗಳ ನೂರಾ ನಲವತ್ತು ಅಂಗಡಿಗಳು ಅವನ ಪಾಲಿಗೆ ಬಂದ ಸುತ್ತು. ದಿನಸಿ ಅಂಗಡಿ, ಮೊಳೆ ಅಂಗಡಿ, ಹಿಟ್ಟಿನ ಗಿರಣಿ, ಕೋಳಿ ಅಂಗಡಿ, ರದ್ದಿ ಅಂಗಡಿ. ಕಾರು ಅವನದೇ, ಪೆಟ್ರೋಲು ಕಂಪನಿಯದು. ಎಲ್ಲಿ ಕಾರು ನಿಲ್ಲಿಸಿದರೂ "ತೂಕದಣ್ಣ ಬಂದ್ರು" ಎನ್ನುವ ಮಾತು ಅವನಿಗಿಂತ ಮುಂಚೆ ಒಳಗೆ ಹೋಗುತ್ತಿತ್ತು. ಮನೆಯಲ್ಲಿ ಇಟ್ಟ ಹೆಸರು ಪಡಿತರ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವನ ಕೆಲಸ ನಡೆಯುವುದು ಹತ್ತು ಕಲ್ಲುಗಳಿಂದ. ಕಲ್ಲು ಎನ್ನುವುದು ಬಾಯಿಮಾತು, ಅವು ಎರಕದ ಕಬ್ಬಿಣದ ಗಟ್ಟಿಗಳು, ಒಂದೊಂದಕ್ಕೂ ಮೇಲೆ ಹಿಡಿ. ಒಂದೊಂದೂ ಇಪ್ಪತ್ತು ಕಿಲೋ, ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳಗೆ ಉಣ್ಣೆಬಟ್ಟೆ ಹೊದಿಸಿದ ಎರಡು ಮರದ ಪೆಟ್ಟಿಗೆಗಳಲ್ಲಿ ಐದೈದರಂತೆ, ಬೀಗ ಹಾಕಿ, ಡಿಕ್ಕಿಯಲ್ಲಿ ಇರುತ್ತಿದ್ದವು. ಒದ್ದೆ ಕೈಯಲ್ಲಿ ಮುಟ್ಟುವಂತಿಲ್ಲ, ನೆಲದ ಮೇಲೆ ಎಳೆಯುವಂತಿಲ್ಲ, ಬೇರೆಯವರ ಕೈಗೆ ಬಿಟ್ಟು ಹೋಗುವಂತಿಲ್ಲ. ವರ್ಷಕ್ಕೊಮ್ಮೆ ಅವುಗಳನ್ನೇ ತೂಗಿಸಿ ಸರ್ಟಿಫಿಕೇಟು ತರಬೇಕು. ಅಂಗಡಿಯವನಿಗೂ ಗಿರಾಕಿಗೂ ಜಗಳ ಹತ್ತಿದಾಗ ತೂಕದಣ್ಣ ಒಂದು ಕಲ್ಲು ತಂದು ಯಂತ್ರದ ಮೇಲೆ ಇಟ್ಟನೆಂದರೆ ಮುಗಿಯಿತು. ಅದರ ಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಆಫೀಸಿನ ಗೋಡೆಯ ಮೇಲೆ ಒಂದು ಕಾಗದ ಅಂಟಿತು. ಹದಿನೈದು ವರ್ಷ ದಾಟಿದ ಗಾಡಿಗಳು ಲೀಟರಿಗೆ ಹನ್ನೆರಡು ಕಿಲೋಮೀಟರಾದರೂ ಕೊಡಬೇಕು. ಎರಡು ತಿಂಗಳ ನಂತರ ಪರೀಕ್ಷೆ. ಕೊಡದಿದ್ದರೆ ಆ ಸುತ್ತು ಹೊಸ ಗಾಡಿ ಇರುವವರಿಗೆ, ಹಳಬರು ವರ್ಕ್‌ಶಾಪಿನ ಬೆಂಚಿಗೆ.

ಆ ಬೆಂಚನ್ನು ತೂಕದಣ್ಣ ಬಲ್ಲ. ಗೋಡೆಗೆ ಮುಖಮಾಡಿದ ಕಿಟಕಿ, ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಬಿಚ್ಚಿ ಹರಡಿದ ಸ್ಪ್ರಿಂಗ್ ತಕ್ಕಡಿಗಳು. ಸುತ್ತು ಕಳೆದುಕೊಂಡ ಇಬ್ಬರು ಹಿರಿಯರು ಬೆಳಿಗ್ಗೆ ಒಂಬತ್ತರಿಂದ ಅಲ್ಲಿ ತುಕ್ಕು ಕೆರೆಯುತ್ತಾರೆ. ಒಬ್ಬರಂತೂ ಒಂದೇ ತಕ್ಕಡಿಯನ್ನು ವಾರದಲ್ಲಿ ಮೂರು ಸಲ ಬಿಚ್ಚಿದ್ದನ್ನು ಅವನೇ ಕಣ್ಣಾರೆ ಕಂಡಿದ್ದ. ಅಲ್ಲಿ ಯಾರೂ ಬಂದು "ಟೀ ತರಿಸ್ಲಾ ಅಣ್ಣಾ?" ಎಂದು ಕೇಳುವುದಿಲ್ಲ. ಆ ಬೆಂಚಿಗೆ ಹೋಗುವುದೆಂದರೆ ಅವನಿಗೆ ಉಸಿರು ಕಟ್ಟುತ್ತಿತ್ತು.

ಕಾರು ಕೊಡುತ್ತಿದ್ದದ್ದು ಒಂಬತ್ತು ಮುಕ್ಕಾಲು.

ಅದೇ ವಾರ ಕ್ಷೌರದ ಕುರ್ಚಿಯಲ್ಲಿ ಕೂತು ಹಳೆಯ ವಾರಪತ್ರಿಕೆ ತಿರುವಿದಾಗ ಒಂದು ಮೂಲೆಯಲ್ಲಿ ನಾಲ್ಕು ಸಾಲು ಕಾಣಿಸಿತು: ಹಳೆಯ ಕಾರಿನ ಭಾರ ಇಳಿಸಿದರೆ ಇಂಧನ ಉಳಿಯುತ್ತದೆ, ಬೇಡದ್ದನ್ನೆಲ್ಲ ತೆಗೆದುಹಾಕಿ. ತೂಕದಣ್ಣ ಅರ್ಧ ಕ್ಷೌರದಲ್ಲೇ ಎದ್ದು ಹೋಗುವುದೊಂದು ಬಾಕಿ. ಎಂಜಿನ್ ಎಂದಿದ್ದರೆ ಅವನಿಗೆ ತಿಳಿಯುತ್ತಿರಲಿಲ್ಲ, ಗಾಳಿ ಎಂದಿದ್ದರೂ ತಿಳಿಯುತ್ತಿರಲಿಲ್ಲ. ಭಾರ! ಇಪ್ಪತ್ತೆಂಟು ವರ್ಷ ತಾನು ಮಾಡಿದ್ದೇ ಅದಲ್ಲವೇ? ಈ ಒಂದು ವಿಷಯದಲ್ಲಿ ತನ್ನನ್ನು ಮೀರಿಸುವವರು ಯಾರು ಎಂದು ಮೀಸೆ ತಿರುವಿಕೊಂಡ. ಕ್ಷೌರಿಕನ ಕತ್ತರಿ ಬೆರಳಿಗೆ ತಾಗಿತು.

ಅಂದಿನಿಂದ ಕಾರಿಗೆ ಗ್ರಹಚಾರ ಶುರುವಾಯಿತು. ಮೊದಲು ಸ್ಟೆಪ್ನಿ, ಹದಿಮೂರು ಕಿಲೋ ಚಿಲ್ಲರೆ. ನಂತರ ಜಾಕ್. ನೆಲದ ಹಾಸು, ಅದರ ಕೆಳಗಿನ ದಪ್ಪ ರಬ್ಬರು, ರಬ್ಬರಿನ ಕೆಳಗೆ ಸಿಕ್ಕ ಮೂರು ಪೆನ್ನು, ಒಂದು ಬಾಚಣಿಗೆ. ಬಾಗಿಲುಗಳ ಒಳಗಿನ ಹಲಗೆ. ಹಾಡು ನಿಂತು ಆರು ವರ್ಷವಾಗಿದ್ದ ಎರಡು ಸ್ಪೀಕರು. ಸಿಗರೇಟಿನ ಬೂದಿ ಡಬ್ಬಿ, ನೂರ ನಲವತ್ತು ಗ್ರಾಂ. ಬಿಸಿಲು ತಡೆಯುವ ರೆಕ್ಕೆ, ಒಂದೊಂದು ಇನ್ನೂರ ಹತ್ತು. ಒಂದೊಂದನ್ನೂ ತೂಗಿ ಬರೆದ. ಅವನ ಅಡುಗೆಮನೆಯ ಹಿಂದಿನ ಜಾಗ ನೋಡಿದರೆ ಯಾರೋ ಕಾರನ್ನು ಸುಲಿದು ಒಣಹಾಕಿದ್ದಾರೆ ಅನ್ನಿಸುತ್ತಿತ್ತು. ಕೊನೆಗೆ ಈ ಹಿಂದಿನ ಸೀಟು. ಒಟ್ಟು ಅರವತ್ತೊಂದು ಕಿಲೋ ಇನ್ನೂರು ಗ್ರಾಂ.

ಟ್ಯಾಂಕು ತುಂಬಿಸಿ, ನೂರು ಕಿಲೋಮೀಟರು ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ. ಹತ್ತು ಪಾಯಿಂಟ್ ಒಂದು.

ಅವನು ಬಂಕಿನ ಹುಡುಗಿಯನ್ನು ಇನ್ನೊಮ್ಮೆ ಮೀಟರ್ ನೋಡಲು ಹೇಳಿದ. ಅವಳು ನೋಡಿದಳು. ಅದೇ. ಅರವತ್ತೊಂದು ಕಿಲೋ ಕಿತ್ತು ಹಾಕಿದ್ದಕ್ಕೆ ಬಂದದ್ದು ಲೀಟರಿಗೆ ಮುನ್ನೂರ ಐವತ್ತು ಮೀಟರು, ನಾಲ್ಕು ಮನೆ ಆಚೆಯ ಹಾಲಿನಂಗಡಿಗೆ ಹೋಗಿ ಬರುವಷ್ಟು! ಜೊತೆಗೆ, ಹಾಸಿಲ್ಲದ ಕಾರು ಖಾಲಿ ತಗಡಿನ ಡಬ್ಬಿಯಂತೆ ಗಡಗಡ ಎನ್ನುತ್ತಿತ್ತು. ಹಳ್ಳ ಬಂದಾಗ ಹಲ್ಲು ಕಚ್ಚಿಕೊಂಡು ದಾಟಬೇಕಾಗಿತ್ತು. ಸಿಟ್ಟಿಗೆ ಹಾರ್ನ್ ಒತ್ತಿದರೆ ಅದೂ ಕೀರಲು ದನಿಯಲ್ಲಿ ಅಳುತ್ತಿತ್ತು.

ಈ ನಡುವೆ ಗುರುವಾರ ಬಂತು. ಗುರುವಾರವೆಂದರೆ ಅತ್ತೆಯ ದಿನ. ಹೆಂಡತಿಯ ತಾಯಿ ಅವರ ಜೊತೆಗೇ ಇದ್ದರು. ಮಂಡಿಗೆ ಆಪರೇಷನ್ ಆಗಿ ನಾಲ್ಕು ತಿಂಗಳು, ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗಿ ಕಾಲು ಮಡಿಸಿ ಬಿಡಿಸುವ ವ್ಯಾಯಾಮ. ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು ಕಾಲು ಚಾಚಿಕೊಂಡು, ದಾರಿಯುದ್ದಕ್ಕೂ ಬೋರ್ಡುಗಳನ್ನು ಜೋರಾಗಿ ಓದುತ್ತ ಹೋಗುವುದು ಅವರ ಪದ್ಧತಿ. ಈಗ ಸೀಟಿಲ್ಲ. ಮುಂದೆ ಕೂರಿಸಿದರೆ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಅವರು ಉಸಿರು ಬಿಗಿಹಿಡಿದು ಕೂತರು, ಒಂದು ಬೋರ್ಡನ್ನೂ ಓದಲಿಲ್ಲ. ಅಂದು ಪೆಟ್ರೋಲು ಸ್ವಲ್ಪ ಜಾಸ್ತಿ ಇಳಿದಿತ್ತು.

ಆಮೇಲೆ ತೂಕದಣ್ಣ ಮಾಡಿದ ಕೆಲಸಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ, ಅವನಿಗೆ ಬುದ್ಧಿ ಇಲ್ಲವೆಂದೂ ಅಲ್ಲ. ಮುಂದಿನ ಬುಧವಾರ ಸಂಜೆ ಬಾಗಿಲ ಹಿಂದಿನ ಯಂತ್ರವನ್ನು ನಡುಮನೆಗೆ ಎಳೆದು ತಂದ.

"ಅತ್ತೆ, ಸ್ವಲ್ಪ ಇದರ ಮೇಲೆ ನಿಂತ್ಕೊಳ್ಳಿ. ಯಂತ್ರ ಸರಿ ಇದೆಯಾ ನೋಡ್ಬೇಕು."

ಅವರು ನಂಬಿ, ಅಳಿಯನ ಭುಜ ಹಿಡಿದು ಹತ್ತಿದರು. ಅವನು ಬಗ್ಗಿ ಅಂಕಿ ನೋಡಿದ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಜೇಬಿಗೆ ಹೋಯಿತು, ನೋಟುಬುಕ್ಕು ಹೊರಬಂತು. ಸ್ಪೀಕರು, ಬೂದಿ ಡಬ್ಬಿ, ಸೀಟು ಇದ್ದ ಪುಟದಲ್ಲೇ ಕೆಳಗೆ ಬರೆದ: ಅತ್ತೆ, 78.400.

ಅತ್ತೆಗೆ ಮಂಡಿ ಸರಿಯಿರಲಿಲ್ಲ, ಕಣ್ಣು ಸರಿಯಾಗಿತ್ತು.

"ಕನ್ನಡಕ ತೆಗೆದಿಟ್ಟು ನಿಂತ್ಕೊಳ್ಳಲಾ ಅಳಿಯಂದ್ರೇ?" ಎಂದರು. "ಒಂದು ಐವತ್ತು ಗ್ರಾಂ ಕಮ್ಮಿ ಆಗ್ಬಹುದು."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು. ಮರುದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಅವನು ಹಲ್ಲುಜ್ಜುವಷ್ಟರಲ್ಲಿ ಹೊರಟುಹೋಗಿದ್ದರು. ಕ್ಲಿನಿಕ್ಕಿಗೆ ಎರಡು ಬಸ್ಸು ಬದಲಿಸಬೇಕು. ಅದರಲ್ಲಿ ಒಂದರ ಮೆಟ್ಟಿಲು ಮೊಣಕಾಲೆತ್ತರ. ಕಾರು ಮನೆಯ ಮುಂದೆ ಹಗುರಾಗಿ ನಿಂತಿತ್ತು.

"ಹೇಳ್ಬಾರ್ದಾ? ನಾನು ಕರ್ಕೊಂಡು ಹೋಗ್ತಿರ್ಲಿಲ್ವಾ?" ಎಂದು ಸಂಜೆ ರೇಗಿದ.

"ಪರೀಕ್ಷೆ ಮುಗೀಲಿ ಬಿಡಿ," ಎಂದರು ಅತ್ತೆ, ಮಂಡಿಗೆ ಬಿಸಿನೀರಿನ ಚೀಲ ಒತ್ತಿಕೊಳ್ಳುತ್ತ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಪರೀಕ್ಷೆಗೆ ಎರಡು ವಾರ ಉಳಿದಾಗ ಅವನು ಸೋತು ಗ್ಯಾರೇಜಿಗೆ ಹೋದ. ಗ್ಯಾರೇಜಿನವನು ಅವನಿಗಿಂತ ಹತ್ತು ವರ್ಷ ಚಿಕ್ಕವನು, ಹಳೆಯ ಪರಿಚಯ. ಚಕ್ರಗಳಿಗೆ ಸರಿಯಾಗಿ ಗಾಳಿ ತುಂಬಿಸಿದ, ಗಾಳಿ ಸೋಸುವ ಫಿಲ್ಟರು ಬದಲಿಸಿದ, ಪ್ಲಗ್ಗು ಉಜ್ಜಿದ. ಅರ್ಧ ದಿನದ ಈ ಕೆಲಸಕ್ಕೆ ಹತ್ತು ಪಾಯಿಂಟ್ ಆರು ಬಂತು. ತಾನು ಆರು ವಾರ ಬೆರಳು ಸುಲಿದುಕೊಂಡದ್ದಕ್ಕಿಂತ ಇದೇ ಹೆಚ್ಚು ಎನ್ನುವುದು ತೂಕದಣ್ಣನಿಗೆ ಖುಷಿಯ ಬದಲು ಉರಿ ತರಿಸಿತು.

"ಇನ್ನೂ ಬೇಕು ಮಾರಾಯ. ಇನ್ನೇನು ತೆಗೀಲಿ ಹೇಳು. ಬಾಗಿಲು ಬಿಚ್ಚಲಾ?"

ಗ್ಯಾರೇಜಿನವನು ಕಾರನ್ನು ಒಂದು ಸುತ್ತು ಹಾಕಿದ. ಸುಲಿದ ಬಾಗಿಲು, ಬೋಳು ನೆಲ, ಸೀಟಿದ್ದ ಜಾಗದ ತಗಡು, ಎಲ್ಲ ನೋಡಿದ. ನಂತರ ಹಿಂದೆ ಬಂದು ಬಗ್ಗಿದ. ಹಿಂದಿನ ಸ್ಪ್ರಿಂಗುಗಳು ನೆಲ ಹಿಡಿದಿದ್ದವು.

"ಅಣ್ಣಾ, ಡಿಕ್ಕಿಯಲ್ಲಿ ಏನಿದೆ?"

"ಏನಿಲ್ಲ. ಎಲ್ಲ ತೆಗೆದಾಯ್ತು."

"ಮತ್ತೆ ಈ ಪೆಟ್ಟಿಗೆ?"

"ಅದಾ? ಕಲ್ಲು."

"ಎಷ್ಟಿರುತ್ತೆ?"

"ಇಪ್ಪತ್ತು ಕಿಲೋ. ಕರೆಕ್ಟು," ಎಂದ ತೂಕದಣ್ಣ, ಎಂದಿನ ಹೆಮ್ಮೆಯಿಂದ.

"ಎಷ್ಟು ಕಲ್ಲು?"

"ಹತ್ತು."

ಹೇಳಿದ ಮೇಲೆ ಅವನ ಬಾಯಿ ಹಾಗೆಯೇ ತೆರೆದುಕೊಂಡಿತು. ಗ್ಯಾರೇಜಿನವನು ನಗಬಾರದೆಂದು ಬಹಳ ಪ್ರಯತ್ನಪಟ್ಟ. ಆಗಲಿಲ್ಲ. ಪಕ್ಕದಲ್ಲಿ ಚಕ್ರ ಬಿಚ್ಚುತ್ತಿದ್ದ ಕೆಲಸದ ಹುಡುಗ ಬಂದು ಏನೆಂದು ಕೇಳಿದ, ಅವನಿಗೂ ಹೇಳಿದರು, ಅವನೂ ನಕ್ಕ. ಇಪ್ಪತ್ತೆಂಟು ವರ್ಷ ದಿನಾ ಎತ್ತಿ ಇಳಿಸಿ ಸೊಂಟ ನೋಯಿಸಿಕೊಂಡವನಿಗೆ ಅವು ಭಾರ ಎಂದು ಒಂದು ಸಲವೂ ಹೊಳೆದಿರಲಿಲ್ಲ. ಉಳಿದ ವಸ್ತುಗಳನ್ನು ಅಳೆಯುವುದು ಅವುಗಳಿಂದ, ಅವುಗಳನ್ನೇ ಪಟ್ಟಿಗೆ ಸೇರಿಸುವುದು ಹೇಗೆ? ಬೂದಿ ಡಬ್ಬಿಯ ನೂರ ನಲವತ್ತು ಗ್ರಾಂ ಬರೆದುಕೊಂಡ ಪುಣ್ಯಾತ್ಮ ಇನ್ನೂರು ಕಿಲೋ ಕಬ್ಬಿಣವನ್ನು ಬೆನ್ನಿಗೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ!

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳೂ ನಗುತ್ತಾಳೆ, ಅಲ್ಲಿಗೆ ಮನೆಯ ಬಿಗುವು ಸಡಿಲಾಗುತ್ತದೆ ಎಂದು ಒಳಗೊಳಗೆ ಆಸೆಯಿತ್ತು. ಅವಳು ದಾರ ಕಡಿದು, ಬಟ್ಟೆ ಮಡಿಸಿಟ್ಟು, ಅವನ ಮುಖ ನೋಡಿದಳು.

"ಅಂದ್ರೆ ಇನ್ನೂರು ಕಿಲೋ ಕಲ್ಲು ಇಳಿಸಲಿಲ್ಲ, ನಮ್ಮಮ್ಮನ್ನ ಇಳಿಸಿದ್ರಿ."

ಅವನು ಜೋರಾಗಿ ಮಾತಾಡಿದ. ಕೆಲಸ ಹೋದರೆ ನಿನಗೇನು, ನೀನು ಕಿಟಕಿ ಪಕ್ಕ ಕೂತು ಪರದೆ ಹೊಲೀತೀಯ, ಗೋಡೆ ನೋಡ್ತಾ ತುಕ್ಕು ಕೆರೆಯೋನು ನಾನು ಎಂದೆಲ್ಲ ಅಂದ. ಅವಳು ಯಂತ್ರ ತುಳಿಯತೊಡಗಿದಳು. ಯಂತ್ರದ ಸದ್ದಿನ ಮೇಲೆ ಕೂಗಾಡುವುದು ಅವನಿಗೇ ನಾಚಿಕೆಯೆನಿಸಿ ನಿಲ್ಲಿಸಿದ.

ಕಲ್ಲು ಇಳಿಸುವಂತಿರಲಿಲ್ಲ. ಕಲ್ಲಿಲ್ಲದೆ ಅಂಗಡಿಗೆ ಹೋಗಿ ಏನು ಮಾಡುವುದು? ದಾರಿಯ ಅಂಗಡಿಗಳಲ್ಲಿ ಎರಡೆರಡು ಬಿಟ್ಟಿರೋಣವೆಂದರೆ ಅದಕ್ಕೆ ಅವನ ಮನಸ್ಸೇ ಒಪ್ಪಲಿಲ್ಲ. ಯಾರೋ ಅದರ ಮೇಲೆ ಕೂತು ಟೀ ಕುಡಿಯುತ್ತಾರೆ, ಬಾಗಿಲಿಗೆ ಒತ್ತು ಕೊಡುತ್ತಾರೆ. ಕೊನೆಗೆ ಆಫೀಸಿಗೆ ಹೋಗಿ ಮ್ಯಾನೇಜರರ ಮುಂದೆ ನಿಂತ. ಸುತ್ತಿನವರೆಲ್ಲ ಅವರನ್ನು ಬೆನ್ನ ಹಿಂದೆ ಲೀಟರ್ ಸಾಹೇಬರು ಎನ್ನುತ್ತಿದ್ದರು. ವಯಸ್ಸು ಮೂವತ್ತೈದು, ಕೂದಲು ನೀಟು, ಮಾತು ಅದಕ್ಕಿಂತ ನೀಟು.

"ಸರ್, ಇನ್ನೂರು ಕಿಲೋ ಕಂಪನಿ ಕಲ್ಲು ಹೊರೋ ಗಾಡಿಗೆ ಸ್ವಲ್ಪ ರಿಯಾಯಿತಿ ಬೇಡ್ವಾ?"

"ಎಲ್ಲರೂ ಹೊರ್ತಾರಲ್ಲ. ಹೊಸ ಗಾಡಿಗಳು ಕಲ್ಲು ಸಮೇತ ಹದಿನೆಂಟು ಕೊಡ್ತಿವೆ. ನಿಮಗೆ ಹನ್ನೆರಡು ಕೇಳ್ತಿರೋದೇ ರಿಯಾಯಿತಿ."

"ಹೊಸದು ತಗೊಳ್ಳೋ ಹಾಗಿದ್ರೆ ಇಲ್ಲಿ ಯಾಕೆ ನಿಂತಿರ್ತಿದ್ದೆ?"

"ನನಗೂ ಮೇಲಿನೋರು ಇದ್ದಾರೆ," ಎಂದರು ಅವರು. ಅದು ಸುಳ್ಳಲ್ಲ ಎನ್ನುವುದೇ ತೂಕದಣ್ಣನಿಗೆ ಇನ್ನಷ್ಟು ತಲೆಕೆಡಿಸಿತು. ಬೈಯಲು ಸಹ ಸರಿಯಾದ ಒಬ್ಬ ಮನುಷ್ಯ ಸಿಗಬಾರದೇ?

ಪರೀಕ್ಷೆಯ ಬೆಳಿಗ್ಗೆ ಅವನು ಹತ್ತು ಕಲ್ಲುಗಳನ್ನೂ ಒಂದೊಂದಾಗಿ ಒಳಗೆ ಹೊತ್ತು ತಂದು ಹೆಂಡತಿಯ ಹೊಲಿಗೆ ಮೇಜಿನ ಕೆಳಗೆ ಸಾಲಾಗಿ ಇಟ್ಟ. ಹತ್ತನೆಯದನ್ನು ಇಟ್ಟು ಸೊಂಟ ಹಿಡಿದುಕೊಂಡು ಎದ್ದಾಗ ಮುಖ ಬೆವರಿಗಿಂತ ಹೆಚ್ಚಾಗಿ ಅವಮಾನದಿಂದ ಬಿಸಿಯಾಗಿತ್ತು. ಇಷ್ಟು ವರ್ಷದಲ್ಲಿ ಒಬ್ಬ ಅಂಗಡಿಯವನು ಬಾಳೆಹಣ್ಣು ಕೊಟ್ಟರೂ ಸೀಲು ಹಾಕುವ ಮೊದಲು ಮುಟ್ಟದವನು. ಖಾಲಿ ಪೆಟ್ಟಿಗೆ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಂದು ಬೀರುವಿನಿಂದ ಎರಡು ಹೂವಿನ ಕಂಬಳಿ ತೆಗೆದ.

"ಕಂಬಳಿ ಎಲ್ಲಿಗೆ?" ಎಂದಳು ಹೆಂಡತಿ.

"ಚಳಿ."

"ಪೆಟ್ಟಿಗೆಗಾ?"

ಅವನು ಕಂಬಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಲೀಟರ್ ಸಾಹೇಬರು ಬಂಕಿನ ಹತ್ತಿರ ಕಾಯುತ್ತಿದ್ದರು. ಡಿಕ್ಕಿ ತೆಗೆಸಿದರು, ಎರಡು ಪೆಟ್ಟಿಗೆಯ ಮೇಲೂ ಬೆರಳಿನಿಂದ ತಟ್ಟಿದರು, ಹಾಳೆಯಲ್ಲಿ ಗೆರೆ ಎಳೆದರು. ಟ್ಯಾಂಕು ಕಂಠಪೂರ್ತಿ ತುಂಬಿಸಿದರು. ಆಮೇಲೆ ತಾವೇ ಮುಂದಿನ ಸೀಟಿನಲ್ಲಿ ಹತ್ತಿ ಕೂತರು. ತೂಕದಣ್ಣನ ಕಣ್ಣು ತಾನಾಗಿ ಅವರನ್ನು ತೂಗಿತು. ಎಂಬತ್ತೆರಡು, ಬ್ಯಾಗು ಸೇರಿ ಎಂಬತ್ತಾರು! ಅತ್ತೆಯನ್ನು ಬಸ್ಸಿಗೆ ಕಳಿಸಿ ಉಳಿಸಿದ್ದೆಲ್ಲ ಇಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತಿತ್ತು.

ಅರವತ್ತು ಕಿಲೋಮೀಟರು. ಅವನು ಆ ಕಾರನ್ನು ಅಂದು ಓಡಿಸಿದಷ್ಟು ಮೆತ್ತಗೆ ಯಾರೂ ಮಗುವನ್ನೂ ಎತ್ತಿಕೊಂಡಿರಲಾರರು. ಗಡಗಡ ಸದ್ದಿನಲ್ಲಿ ಮ್ಯಾನೇಜರು ಎರಡು ಸಲ ಏನೋ ಕೇಳಿದರು, ಅವನಿಗೆ ಕೇಳಿಸಲಿಲ್ಲ, ಕೇಳಿಸುವುದೂ ಬೇಕಿರಲಿಲ್ಲ. ಹತ್ತೂವರೆಗೆ ಅದೇ ಬಂಕಿಗೆ ವಾಪಸು ಬಂದರು. ಹುಡುಗಿ ಮತ್ತೆ ಟ್ಯಾಂಕು ತುಂಬಿಸಿದಳು. ಮ್ಯಾನೇಜರು ಮೊಬೈಲಿನಲ್ಲಿ ಭಾಗಿಸಿದರು.

"ಹನ್ನೆರಡು ಪಾಯಿಂಟ್ ಎರಡು. ಪರವಾಗಿಲ್ವೇ, ಹಳೇ ಗಾಡಿ!" ಎಂದು ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಪೆನ್ನಿನ ಮುಚ್ಚಳ ತೆಗೆದರು.

ತೂಕದಣ್ಣನಿಗೆ ಎರಡು ತಿಂಗಳಲ್ಲಿ ಮೊದಲ ಸಲ ಪೂರ್ತಿ ಉಸಿರು ಬಂತು. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಯಾರೋ ಚಪ್ಪಾಳೆ ತಟ್ಟಿ ಕರೆದರು.

"ತೂಕದಣ್ಣ! ಒಳ್ಳೇ ಹೊತ್ತಿಗೆ ಬಂದ್ರಿ. ಬನ್ನಿ ಬನ್ನಿ, ಈಯಮ್ಮಂಗೆ ಸ್ವಲ್ಪ ತೋರಿಸಿ!"

ರದ್ದಿ ಅಂಗಡಿಯವನು. ಅವನ ಎದುರು ಒಬ್ಬ ಹೆಂಗಸು ನಿಂತಿದ್ದಳು. ಬೀದಿ ಬೀದಿ ಸುತ್ತಿ ರಟ್ಟು ಆರಿಸಿ ತರುವವಳು, ತೂಕದಣ್ಣನಿಗೆ ಮುಖ ಪರಿಚಯ. ಯಂತ್ರದ ಮೇಲೆ ಅವಳ ರಟ್ಟಿನ ದೊಡ್ಡ ಕಟ್ಟು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಬಿಟ್ಟರೆ ಯಾರೋ ಕಿತ್ತುಕೊಳ್ಳುತ್ತಾರೆ ಎಂಬಂತೆ.

"ಮೂರು ವಾರದಿಂದ ಕಮ್ಮಿ ತೋರಿಸ್ತಿದೆ ಅಣ್ಣಾ," ಎಂದಳು, ದಾಟಿ ಬಂದ ತೂಕದಣ್ಣನಿಗೆ. "ನಾನು ಹೊತ್ತು ತರೋಳು. ನನ್ನ ತಲೆಗೆ ಗೊತ್ತಾಗಲ್ವಾ?"

"ಯಂತ್ರಕ್ಕೆ ಇವರದೇ ಸೀಲು ಇದೆಯಮ್ಮಾ," ಎಂದ ಅಂಗಡಿಯವನು. "ಅಣ್ಣಾ, ಒಂದು ಕಲ್ಲು ಇಟ್ಟುಬಿಡಿ. ಕಲ್ಲು ಏನು ಹೇಳುತ್ತೋ ನಾನೂ ಒಪ್ತೀನಿ, ಅವಳೂ ಒಪ್ಕೊಳ್ಳಲಿ."

"ಒಪ್ತೀನಿ," ಎಂದಳು ಅವಳು.

ಮ್ಯಾನೇಜರೂ ಕುತೂಹಲದಿಂದ ದಾಟಿ ಬಂದಿದ್ದರು, ಹಾಳೆ ಕೈಯಲ್ಲೇ ಇತ್ತು. ತೂಕದಣ್ಣನ ತಲೆಯಲ್ಲಿ ಮೂರು ಸುಳ್ಳು ಒಟ್ಟಿಗೆ ಬಂದು ನಿಂತವು. ಬೀಗದ ಕೈ ಮನೆಯಲ್ಲಿ ಬಿಟ್ಟಿದ್ದೇನೆ. ಸೊಂಟ ಹಿಡಿದಿದೆ. ನಾಳೆ ಬರುತ್ತೇನೆ. ಮೂರೂ ನಡೆಯುವಂಥವೇ. ನಾಳೆ ನಿಜವಾಗಿ ಬಂದು ನೋಡಲೂಬಹುದು, ಒಂದು ದಿನದಲ್ಲಿ ಏನು ಮುಳುಗಿಹೋಗುತ್ತದೆ? ಆದರೆ ಅವನ ಹಾಳು ಕಣ್ಣು ಆಗಲೇ ಆ ಕಟ್ಟಿನ ಮೇಲೆ ಬಿದ್ದಾಗಿತ್ತು. ಮೂವತ್ತೆರಡು ಕಿಲೋ. ಯಂತ್ರ ತೋರಿಸುತ್ತಿದ್ದದ್ದು ಇಪ್ಪತ್ತೊಂಬತ್ತು ಮುಕ್ಕಾಲು. ಅವಳು ಇವತ್ತು ಎರಡೂಕಾಲು ಕಿಲೋ ರಟ್ಟನ್ನು ಸುಮ್ಮನೆ ಬಿಟ್ಟು ಹೋಗುತ್ತಾಳೆ, ಅದೂ ಅವನ ಸೀಲಿನ ಕೆಳಗೆ. ಅವಳು ಒಪ್ಪುತ್ತೇನೆ ಎಂದಿದ್ದಳು, ಇನ್ನೂ ನೋಡದ ಕಲ್ಲನ್ನು.

ಆ ಕ್ಷಣದಲ್ಲಿ ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಕರೆದವನ ಮೇಲೆ, ಅವಳ ಮೇಲೆ, ಎರಡು ನಿಮಿಷ ಮುಂಚೆ ಸಹಿ ಹಾಕದ ಲೀಟರ್ ಸಾಹೇಬರ ಮೇಲೆ.

"ಕಲ್ಲು ತಂದಿಲ್ಲ," ಎಂದ.

"ಪೆಟ್ಟಿಗೆಯಲ್ಲಿ?" ಎಂದರು ಮ್ಯಾನೇಜರು.

"ಕಂಬಳಿ."

ಅಂಗಡಿಯವನು ತಮಾಷೆಯೆಂದು ನಕ್ಕ. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ. ಮ್ಯಾನೇಜರು ಅವನನ್ನು ಸ್ವಲ್ಪ ಈಚೆಗೆ ಕರೆದರು.

"ಕಲ್ಲು ಹಾಕಿದ್ರೆ ಎಷ್ಟು ಕೊಡುತ್ತೆ?"

"ಹತ್ತು ಪಾಯಿಂಟ್ ಆರು."

"ನೀವು ಏನೋ ಒಂದು ನೆಪ ಹೇಳಿದ್ರೆ ನಾನು ಕೇಳ್ತಿರ್ಲಿಲ್ಲ. ಅರ್ಧ ಸಹಿ ಆಗಿತ್ತು."

"ನೀವು ಕೇಳ್ತಿರ್ಲಿಲ್ಲ ಸರ್," ಎಂದು ತೂಕದಣ್ಣ ರಟ್ಟಿನ ಕಟ್ಟಿನ ಕಡೆ ಕೈ ತೋರಿಸಿದ. "ಅವಳು ಕೇಳಿದಳಲ್ಲ."

ಅವರು ಮತ್ತೆ ಪೆನ್ನು ತೆಗೆದರು. ಹನ್ನೆರಡು ಪಾಯಿಂಟ್ ಎರಡನ್ನು ಹೊಡೆದು ಹತ್ತು ಪಾಯಿಂಟ್ ಆರು ಎಂದು ಬರೆದರು. ಕಂಬಳಿಯ ವಿಷಯ ಬರೆಯಲಿಲ್ಲ. "ಒಂದನೇ ತಾರೀಕಿನಿಂದ ಬೆಂಚಿಗೆ ಬನ್ನಿ," ಎಂದು ಮೆಲ್ಲಗೆ ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು.

"ಯಾರೂ ಯಂತ್ರ ಮುಟ್ಟಬೇಡಿ," ಎಂದು ಉಳಿದ ಇಬ್ಬರಿಗೆ ಹೇಳಿ ತೂಕದಣ್ಣ ಮನೆಗೆ ಕಾರು ಓಡಿಸಿದ. ಈ ಸಲ ಮೆತ್ತಗೆ ಓಡಿಸಲಿಲ್ಲ. ಹೆಂಡತಿ ಕೇಳದೆಯೇ ಮೇಜಿನ ಕೆಳಗಿನಿಂದ ಕಲ್ಲು ಎತ್ತಿಕೊಟ್ಟಳು, ಒಣಬಟ್ಟೆಯಲ್ಲಿ ಹಿಡಿದು. ಒಳಗಿನಿಂದ ಅತ್ತೆ ಪರೀಕ್ಷೆ ಏನಾಯಿತು ಎಂದು ಕೂಗಿ ಕೇಳಿದರು. "ಆಯ್ತು ಅತ್ತೆ," ಎಂದ. ಹತ್ತನೆಯ ಕಲ್ಲನ್ನೂ ಪೆಟ್ಟಿಗೆಗೆ ಸೇರಿಸಿ ಹೊರಟ.

ಅವನು ವಾಪಸು ಬಂದಾಗ ಆ ಹೆಂಗಸು ಕಟ್ಟನ್ನು ಹಿಡಿದುಕೊಂಡೇ ನಿಂತಿದ್ದಳು. ಕಟ್ಟು ಇಳಿಸಿ ಕಲ್ಲು ಇಟ್ಟ. ಇಪ್ಪತ್ತರ ಜಾಗದಲ್ಲಿ ಹದಿನೆಂಟು ಆರುನೂರು. ಎರಡು ಇಟ್ಟ, ಮೂವತ್ತೇಳು ಇನ್ನೂರು. ಅಂಗಡಿಯವನ ಮುಖ ಸಪ್ಪಗಾಯಿತು. ಬಿಚ್ಚಿ ನೋಡಿದರೆ ಹಲಗೆಯ ಕೆಳಗೆ ಒತ್ತಿ ಕೂತಿದ್ದ ರಟ್ಟಿನ ಚೂರುಗಳು ಭಾರವನ್ನು ತಾವೇ ಒಂದಿಷ್ಟು ಹೊತ್ತುಕೊಂಡಿದ್ದವು. ಕೆರೆದು ತೆಗೆದು, ಒರೆಸಿ, ಸ್ಕ್ರೂ ತಿರುಗಿಸಿ, ಮತ್ತೆ ಹತ್ತೂ ಕಲ್ಲು ಒಂದೊಂದಾಗಿ ಏರಿಸಿ ಇಳಿಸಿದ. ಬೆನ್ನು ಬಿರಿಯುತ್ತಿತ್ತು. ಅವಳ ಕಟ್ಟು ಇಟ್ಟರೆ ಮೂವತ್ತೆರಡು. ಹೊಸ ಸೀಲು ಒತ್ತಿ ತಾರೀಕು ಬರೆದ.

ಅವಳು ಕಲ್ಲುಗಳು ಡಿಕ್ಕಿಯ ಪೆಟ್ಟಿಗೆಗೆ ಹೋಗುವುದನ್ನು ನೋಡುತ್ತ ನಿಂತಳು.

"ಮುಂದಿನ ಸಲಾನೂ ನೀವೇ ಬರ್ತೀರಲ್ಲಣ್ಣಾ?"

"ಇಲ್ಲಮ್ಮ, ಬೇರೆಯವರು ಬರ್ತಾರೆ. ಹೊಸ ಗಾಡಿಯಲ್ಲಿ."

ಅವಳ ಮುಖದಲ್ಲಿ ಗಾಬರಿ ಕಂಡಿತು. ಅವನು ಪೆಟ್ಟಿಗೆಗೆ ಬೀಗ ಹಾಕಿ, ಕೈ ಒರೆಸಿಕೊಂಡ.

"ಬಂದಾಗ ಪೆಟ್ಟಿಗೆ ತೆಗೆಸಿ ಒಳಗೆ ಇಣುಕಿ ನೋಡು," ಎಂದ. "ಯಾರೇ ಬರಲಿ. ನಾಚ್ಕೋಬೇಡ."